ಬೆಂಕಿಯನ್ನು ಅಳೆದ ಕುಂಬಾರ: ಜೋಸಾಯಾ ವೆಜ್‌ವುಡ್



ಜ್ವರ ನೋಡುವ ಗಾಜಿನ ಥರ್ಮಾಮೀಟರನ್ನು ನೀವೆಲ್ಲರೂ ನೋಡಿದ್ದೀರಿ. ನಾಲಿಗೆಯ ಕೆಳಗೆ ಎರಡು ನಿಮಿಷ ಇಟ್ಟರೆ ಸಾಕು, ಮೈ ಎಷ್ಟು ಬಿಸಿಯಾಗಿದೆ ಎಂದು ಅದು ಹೇಳುತ್ತದೆ. ಅಂಥ ಥರ್ಮಾಮೀಟರನ್ನು ಹೆಂಚು ಸುಡುವ ಆವೆಯೊಳಗೆ ಇಟ್ಟರೆ ಏನಾದೀತು? ಒಳಗಿನ ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಗಾಜು ಒಡೆಯುತ್ತದೆ, ಇಲ್ಲವೇ ಮೆತ್ತಗಾಗಿ ಬಾಗುತ್ತದೆ. ಬೆಂಕಿಯನ್ನು ಅಳೆಯಲು ಹೋದ ಸಾಧನವನ್ನು ಬೆಂಕಿಯೇ ನುಂಗಿಬಿಡುತ್ತದೆ.

ಆದರೆ ಅಳತೆ ಬೇಕೇ ಬೇಕು. ಮಿರ್ಜಾನ, ಕುಮಟಾ, ಹೊನ್ನಾವರ, ಭಟ್ಕಳದ ಹಳೆಯ ಮನೆಗಳ ಮಾಡನ್ನೊಮ್ಮೆ ನೋಡಿರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ ಕೆಂಪು ಹೆಂಚು ನಮ್ಮ ಮಳೆಗಾಲವನ್ನು ತಲೆಯ ಮೇಲೆ ಹೊತ್ತು ನಿಂತಿದೆ. ಆ ಹೆಂಚು ಸರಿಯಾಗಿ ಬೇಯದಿದ್ದರೆ ನೀರು ಕುಡಿದು ಪುಡಿಯಾಗುತ್ತದೆ. ಅತಿಯಾಗಿ ಬೆಂದರೆ ಸೊಟ್ಟಗಾಗಿ ಒಂದರ ಮೇಲೊಂದು ಕೂರುವುದಿಲ್ಲ. ಒಂದು ಆವೆಯಲ್ಲಿ ಸಾವಿರಾರು ಹೆಂಚು ಇರುವಾಗ ಉರಿಯ ಲೆಕ್ಕ ತಪ್ಪಿದರೆ ಅಷ್ಟು ದಿನಗಳ ದುಡಿಮೆ ಮಣ್ಣುಪಾಲು. ಹಾಗಾದರೆ ಎಲ್ಲವನ್ನೂ ಸುಡುವ ಉರಿಯೊಳಗೆ ಇದ್ದೂ ಕೆಡದೆ, ಹೊರಗೆ ಬಂದು ಸುದ್ದಿ ಹೇಳುವ ಸಾಧನ ಯಾವುದು?

ಈ ಪ್ರಶ್ನೆಗೆ ಬಳಕೆಗೆ ಬರುವಂಥ ಉತ್ತರವನ್ನು ಮೊದಲು ಕೊಟ್ಟವರಲ್ಲಿ ಪ್ರಮುಖರು ದೊಡ್ಡ ವಿಶ್ವವಿದ್ಯಾಲಯದ ಪಂಡಿತರಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ, ಒಂದು ಕಾಲನ್ನು ಕಳೆದುಕೊಂಡ ಇಂಗ್ಲೆಂಡಿನ ಒಬ್ಬ ಕುಂಬಾರ. ಅವರ ಹೆಸರು ಜೋಸಾಯಾ ವೆಜ್‌ವುಡ್. ಪಿಂಗಾಣಿ ಪಾತ್ರೆಗಳ ವ್ಯಾಪಾರಿಯಾಗಿ ಜಗತ್ತು ಅವರನ್ನು ಬಲ್ಲದು. ಉರಿಯನ್ನು ಅಳೆದವರಾಗಿ ಅವರನ್ನು ಬಲ್ಲವರು ಕಡಿಮೆ. ಆ ಬದುಕನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಸಂಕಷ್ಟ

ಜೋಸಾಯಾ ವೆಜ್‌ವುಡ್ 1730ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಬರ್ಸ್ಲೆಮ್ ಎಂಬ ಊರಿನಲ್ಲಿ ಹುಟ್ಟಿದರು. ಮನೆತನದ ಕಸುಬು ಕುಂಬಾರಿಕೆ. ದೊಡ್ಡ ಸಂಸಾರ, ಹಲವಾರು ಮಕ್ಕಳು, ಅವರಲ್ಲಿ ಇವನೇ ಕೊನೆಯವನು. 1739ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಶಾಲೆಯ ಓದು ಅಲ್ಲಿಗೆ ಮುಗಿಯಿತು. ಅಣ್ಣ ಥಾಮಸ್‌ನ ಕೈಕೆಳಗೆ ಅವನು ಮಣ್ಣು ಕಲಸಲು ನಿಂತನು.

ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಸಿಡುಬು ಬಂತು. ಜೀವ ಉಳಿಯಿತು, ಆದರೆ ಬಲ ಮೊಣಕಾಲು ಶಕ್ತಿ ಕಳೆದುಕೊಂಡಿತು. ಕುಂಬಾರನ ತಿಗರಿಯನ್ನು ಆಗ ಕಾಲಿನಿಂದ ಒದ್ದು ತಿರುಗಿಸಬೇಕಾಗಿತ್ತು. ಕಾಲೇ ಇಲ್ಲದವನಿಗೆ ತಿಗರಿ ಎಲ್ಲಿಯದು? ಮನೆತನದ ಕಸುಬಿನ ಬಾಗಿಲು ಹೀಗೆ ಅರ್ಧ ಮುಚ್ಚಿತು. ಆ ಅರ್ಧ ಮುಚ್ಚಿದ ಬಾಗಿಲೇ ಅವನನ್ನು ಬೇರೆ ದಾರಿಗೆ ತಂದಿತು. ಪಾತ್ರೆ ತಿರುವುವ ಕೆಲಸ ಇತರರಿಗೆ ಬಿಟ್ಟು, ಮಣ್ಣಿನ ಗುಣವೇನು, ಯಾವ ಮಣ್ಣಿಗೆ ಯಾವುದನ್ನು ಬೆರೆಸಿದರೆ ಏನಾಗುತ್ತದೆ, ಮೆರುಗಿನ ಲೇಪ ಏಕೆ ಒಮ್ಮೆ ಹೊಳೆಯುತ್ತದೆ, ಒಮ್ಮೆ ಸೀಳುತ್ತದೆ ಎಂದು ಅವನು ಯೋಚಿಸತೊಡಗಿದನು.

1754ರಲ್ಲಿ ಥಾಮಸ್ ವೀಲ್ಡನ್ ಎಂಬ ಹೆಸರಾಂತ ಕುಂಬಾರರ ಪಾಲುದಾರರಾದ ವೆಜ್‌ವುಡ್, 1759ರಲ್ಲಿ ಸ್ವಂತ ಕೆಲಸ ಆರಂಭಿಸಿದರು. ಆ ಹೊತ್ತಿಗೆ ಅವರ ಬಳಿ ಒಂದು ಪ್ರಯೋಗ ಪುಸ್ತಕವಿತ್ತು. ಅದರ ಬಗ್ಗೆ ವಿದ್ಯಾರ್ಥಿಗಳು ವಿಶೇಷವಾಗಿ ತಿಳಿಯಬೇಕು. ಅವರು ಮಾಡಿದ ಪ್ರತಿಯೊಂದು ಮಾದರಿ ತುಂಡಿಗೂ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆಯ ಎದುರು ಯಾವ ಮಣ್ಣು, ಯಾವ ಬೆರಕೆ, ಎಷ್ಟು ಪ್ರಮಾಣ ಎಂದು ಬರೆದಿರುತ್ತಿದ್ದರು. ಆವೆಯ ಯಾವ ಭಾಗದಲ್ಲಿ ತುಂಡನ್ನು ಇಟ್ಟಿತ್ತು, ತುತ್ತತುದಿಯಲ್ಲೋ ಬೇರೆಡೆಯಲ್ಲೋ ಎಂಬುದಕ್ಕೂ ಒಂದು ಗುರುತಿತ್ತು. ಏಕೆಂದರೆ ಒಂದೇ ಆವೆಯಲ್ಲಿ ಮೇಲಿನ ಬಿಸಿ ಬೇರೆ, ಕೆಳಗಿನ ಬಿಸಿ ಬೇರೆ. ಕೆಟ್ಟುಹೋದ ಪ್ರಯೋಗಕ್ಕೂ ಆ ಪುಸ್ತಕದಲ್ಲಿ ಜಾಗವಿತ್ತು. ಮುಂದೆ ಅವರು ಬೆಂಕಿಯನ್ನು ಅಳೆಯಲು ಹೊರಟದ್ದರ ಬೀಜ ಈ ಪುಸ್ತಕದಲ್ಲಿಯೇ ಇತ್ತು.

ಕಾಲು ಹೋದರೂ ನಿಲ್ಲದ ನಡಿಗೆ

1765ರ ಹೊತ್ತಿಗೆ ಅವರ ಕೆನೆಬಣ್ಣದ ಪಾತ್ರೆಗಳು ರಾಣಿ ಶಾರ್ಲೆಟ್ಟಳ ಮನ ಗೆದ್ದವು. ರಾಣಿಯ ಹೆಸರಿನಲ್ಲೇ ಆ ಪಾತ್ರೆಗಳನ್ನು ಮಾರಲು ಅನುಮತಿ ದೊರೆಯಿತು. ವ್ಯಾಪಾರ ಏರುತ್ತಿದ್ದಾಗಲೇ ಹಳೆಯ ಮೊಣಕಾಲಿನ ನೋವು ಅಸಹನೀಯವಾಯಿತು. 1768ರ ಮೇ ತಿಂಗಳಲ್ಲಿ ವೈದ್ಯರು ಬಲಗಾಲನ್ನು ಕತ್ತರಿಸಿದರು. ಅರಿವಳಿಕೆಯ ಬಳಕೆಯನ್ನು ವೈದ್ಯರು ಸಾರ್ವಜನಿಕವಾಗಿ ತೋರಿಸಿಕೊಟ್ಟದ್ದು 1846ರಲ್ಲಿ. ಅಂದರೆ ಈ ಶಸ್ತ್ರಕ್ರಿಯೆ ಎಚ್ಚರದಲ್ಲೇ ನಡೆದದ್ದು ಎಂಬುದನ್ನು ನೀವು ನೆನಪಿಡಬೇಕು. ಚೇತರಿಸಿಕೊಂಡ ವೆಜ್‌ವುಡ್ ಮರದ ಕಾಲು ಕಟ್ಟಿಕೊಂಡು ಮತ್ತೆ ಕೆಲಸಕ್ಕೆ ನಿಂತರು. ಮರುವರ್ಷ, 1769ರ ಜೂನ್‌ನಲ್ಲಿ, ಎಟ್ರೂರಿಯಾ ಎಂದು ಹೆಸರಿಟ್ಟ ತಮ್ಮ ದೊಡ್ಡ ಕಾರ್ಖಾನೆಯನ್ನು ಆರಂಭಿಸಿದರು.

ಅಲ್ಲಿಯ ಶಿಸ್ತು ಕಠಿಣವಾಗಿತ್ತು. ಯಾರು ಯಾವ ಕೆಲಸ ಮಾಡಬೇಕು, ಯಾವ ಹೊತ್ತಿಗೆ ಬರಬೇಕು ಎಂಬುದಕ್ಕೆಲ್ಲ ನಿಯಮವಿತ್ತು. ದೋಷವಿರುವ ಪಾತ್ರೆ ಕಂಡರೆ ಯಜಮಾನರೇ ಅದನ್ನು ಒಡೆದುಹಾಕುತ್ತಿದ್ದರು ಎಂಬ ಕಥೆಯೂ ಪ್ರಚಲಿತದಲ್ಲಿದೆ. ಕಥೆ ಎಷ್ಟು ನಿಜವೋ, ಅದರ ಹಿಂದಿನ ಕಷ್ಟವಂತೂ ನಿಜ. ಸಾವಿರಾರು ಪಾತ್ರೆಗಳು ಒಂದೇ ಬಣ್ಣ, ಒಂದೇ ಗಾತ್ರದಲ್ಲಿ ಬರಬೇಕಾದರೆ ಪ್ರತಿಸಲವೂ ಆವೆಯ ಉರಿ ಒಂದೇ ತೆರನಾಗಿರಬೇಕು. ನೀಲಿ ಹಿನ್ನೆಲೆಯ ಮೇಲೆ ಬಿಳಿಯ ಉಬ್ಬುಚಿತ್ರಗಳಿರುವ ಜಾಸ್ಪರ್ ಎಂಬ ಪಿಂಗಾಣಿಯನ್ನು 1770ರ ದಶಕದಲ್ಲಿ ರೂಪಿಸುವಾಗ ಅವರು ಸಾವಿರಾರು ಪ್ರಯೋಗಗಳನ್ನು ಮಾಡಬೇಕಾಯಿತು. ಬೆರಕೆಯ ಲೆಕ್ಕ ಪುಸ್ತಕದಲ್ಲಿತ್ತು, ತೂಕದ ಲೆಕ್ಕ ತಕ್ಕಡಿಯಲ್ಲಿತ್ತು. ಉರಿಯ ಲೆಕ್ಕ ಮಾತ್ರ ಆವೆಗಾರನ ಕಣ್ಣಿನಲ್ಲಿತ್ತು.

ಕೆಂಪು ಎಂದರೆ ಎಷ್ಟು ಕೆಂಪು?

ಆಗಿನ ಕಾಲದಲ್ಲಿ ಉರಿಯನ್ನು ಬಣ್ಣದಿಂದ ಹೇಳುತ್ತಿದ್ದರು. ಕೆಂಪು ಕಾವು, ಹೊಳೆಯುವ ಕೆಂಪು, ಬಿಳಿ ಕಾವು, ಹೀಗೆ. ಅನುಭವಿಯಾದ ಆವೆಗಾರ ಕಿಂಡಿಯಲ್ಲಿ ನೋಡಿ ಸಾಕು ಅಥವಾ ಇನ್ನೂ ಬೇಕು ಎನ್ನುತ್ತಿದ್ದ. ನಮ್ಮ ಊರಿನ ಕಮ್ಮಾರರಿಗೂ ಅಕ್ಕಸಾಲಿಗರಿಗೂ ಈ ವಿದ್ಯೆ ಚೆನ್ನಾಗಿ ಗೊತ್ತಿದೆ. ಅದನ್ನು ಹಗುರವಾಗಿ ಕಾಣಬಾರದು.

ಆದರೂ ಭಾಷೆ ಕಲಿಯುವ ವಿದ್ಯಾರ್ಥಿಗಳೇ, ಒಂದು ಕ್ಷಣ ಯೋಚಿಸಿರಿ. ಕೆಂಪು ಎಂಬ ಒಂದೇ ಪದದೊಳಗೆ ಎಷ್ಟು ಕೆಂಪುಗಳಿವೆ! ದಾಸವಾಳದ ಕೆಂಪು, ಮೆಣಸಿನ ಕೆಂಪು, ಚಿರೆಕಲ್ಲಿನ ಕೆಂಪು. ನಾನು ಕೆಂಪು ಎಂದದ್ದನ್ನು ನೀವು ಕೇಸರಿ ಎನ್ನಬಹುದು. ಹಗಲು ಮಸುಕಾಗಿ ಕಂಡ ಕಾವು ರಾತ್ರಿ ಪ್ರಕಾಶವಾಗಿ ಕಾಣುತ್ತದೆ. ಆವೆಗಾರ ಕಾಯಿಲೆ ಬಿದ್ದರೆ ಅವನ ಕಣ್ಣನ್ನು ಮತ್ತೊಬ್ಬನಿಗೆ ಕೊಡಲಾಗದು. ಮಾತಿಗೆ ಸಿಗದ, ಇನ್ನೊಬ್ಬರಿಗೆ ದಾಟಿಸಲಾಗದ ಜ್ಞಾನ ಒಬ್ಬರೊಂದಿಗೇ ಮುಗಿದುಹೋಗುತ್ತದೆ. ವೆಜ್‌ವುಡ್ ಅವರನ್ನು ಕಾಡಿದ್ದು ಇದೇ ಕೊರತೆ.

ಮೊದಲು ಅವರು ಬಿಸಿಗೆ ಬಣ್ಣ ಬದಲಿಸುವ ಮಣ್ಣಿನ ಬಿಲ್ಲೆಗಳನ್ನು ಮಾಡಿ ನೋಡಿದರು. ಅಲ್ಲಿಯೂ ಬಣ್ಣವನ್ನು ಗುರುತಿಸಲು ಮತ್ತೆ ಕಣ್ಣೇ ಬೇಕಾಯಿತು. ಆಗ ಅವರ ಗಮನ ಪ್ರತಿಯೊಬ್ಬ ಕುಂಬಾರನಿಗೂ ಗೊತ್ತಿದ್ದ ಒಂದು ಸಾಮಾನ್ಯ ಸಂಗತಿಯ ಕಡೆಗೆ ಹೊರಳಿತು. ಬೆಂಕಿಯಲ್ಲಿ ಬೆಂದ ಮಣ್ಣು ಕುಗ್ಗುತ್ತದೆ. ಹೆಚ್ಚು ಬೆಂದಷ್ಟೂ ಹೆಚ್ಚು ಕುಗ್ಗುತ್ತದೆ. ಲೋಹವಾದರೆ ಬಿಸಿಗೆ ಹಿಗ್ಗಿ, ತಣಿದಾಗ ಮತ್ತೆ ಮೊದಲಿನಂತಾಗುತ್ತದೆ. ಮಣ್ಣು ಹಾಗಲ್ಲ. ಬೆಂಕಿಯೊಳಗೆ ತಾನು ಅನುಭವಿಸಿದ್ದನ್ನು ತಣ್ಣಗಾದ ಮೇಲೂ ಅದು ಮರೆಯುವುದಿಲ್ಲ. ಎಲ್ಲ ಕುಂಬಾರರಿಗೂ ಇದು ತೊಂದರೆಯಾಗಿತ್ತು. ವೆಜ್‌ವುಡ್ ಅದನ್ನು ಸಾಕ್ಷಿಯನ್ನಾಗಿ ಮಾಡಿಕೊಂಡರು.

ಮಣ್ಣಿನ ಬಿಲ್ಲೆ, ಹಿತ್ತಾಳೆಯ ಪಟ್ಟಿ

ಅವರ ಸಾಧನ ಬಹಳ ಸರಳ. ಎರಡು ಹಿತ್ತಾಳೆಯ ಪಟ್ಟಿಗಳು, ಒಂದೊಂದು 24 ಅಂಗುಲ ಉದ್ದ. ಅವನ್ನು ಒಂದು ಫಲಕದ ಮೇಲೆ ಸ್ವಲ್ಪ ಓರೆಯಾಗಿ ಕೂರಿಸಿದರು. ಒಂದು ತುದಿಯಲ್ಲಿ ಅವುಗಳ ನಡುವೆ ಅರ್ಧ ಅಂಗುಲ ಜಾಗ, ಇನ್ನೊಂದು ತುದಿಯಲ್ಲಿ ಅಂಗುಲದ ಹತ್ತನೇ ಮೂರು ಭಾಗ ಮಾತ್ರ. ಉದ್ದಕ್ಕೂ 240 ಗೆರೆಗಳು. ಅಗಲವಾದ ತುದಿಯಲ್ಲಿ ಸರಿಯಾಗಿ ಕೂರುವಂತೆ ಮಣ್ಣಿನ ಚಿಕ್ಕ ಬಿಲ್ಲೆಗಳನ್ನು ಮಾಡಿದರು. ಬಿಲ್ಲೆಯನ್ನು ಪಾತ್ರೆಗಳ ಜೊತೆ ಆವೆಯಲ್ಲಿಟ್ಟು, ತೆಗೆದು, ತಣಿಸಿ, ಪಟ್ಟಿಗಳ ನಡುವೆ ಜಾರಿಸಿದರೆ ಆಯಿತು. ಹೆಚ್ಚು ಕುಗ್ಗಿದ ಬಿಲ್ಲೆ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ನಿಂತ ಗೆರೆಯ ಸಂಖ್ಯೆಯೇ ಆ ಉರಿಯ ಅಳತೆ.

ಇದರಲ್ಲಿ ಒಡೆಯುವ ಗಾಜಿಲ್ಲ, ಆವಿಯಾಗುವ ದ್ರವವಿಲ್ಲ. ಉರಿಯ ಒಳಗೆ ಹೋಗುವ ಭಾಗ ಉರಿಯಿಂದಲೇ ಹುಟ್ಟಿದ್ದು. ಓದುವ ಭಾಗ ಹೊರಗೆ ತಂಪಾಗಿ ಕುಳಿತಿರುತ್ತದೆ. ಕಠಿಣ ಜಾಗದಲ್ಲಿ ಬಾಳಿಕೆ ಬರುವ ಮಾಪಕ ಮಾಡುವವರು ಇಂದಿಗೂ ಅನುಸರಿಸುವ ವಿವೇಕ ಇದು. ನಾಜೂಕಾದದ್ದನ್ನು ಬೆಂಕಿಯಿಂದ ದೂರವಿಡಬೇಕು, ಬೆಂಕಿಗೆ ಹೋಗುವುದನ್ನು ಬೆಂಕಿ ತಾಳುವ ವಸ್ತುವಿನಿಂದ ಮಾಡಬೇಕು.

1782ರ ಮೇ ತಿಂಗಳಲ್ಲಿ ಈ ಮಾಪಕದ ವಿವರ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂತು. 1783ರಲ್ಲಿ ಶಾಲೆ ಬಿಟ್ಟ ಆ ಹುಡುಗ ಅದೇ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಅಲೆಕ್ಸಾಂಡರ್ ಚಿಸೋಮ್ ಎಂಬ ರಸಾಯನ ಬಲ್ಲ ಸಹಾಯಕರು ಈ ಕೆಲಸದಲ್ಲಿ ಅವರ ಜೊತೆಗಿದ್ದರು. ವೆಜ್‌ವುಡ್ ಈ ಅಳತೆಯನ್ನು ತಮ್ಮ ಕಾರ್ಖಾನೆಯ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ ಎಂಬುದು ಗಮನಾರ್ಹ. ಪೈಪೋಟಿಯ ಭಯದಿಂದ ತಮ್ಮ ಬೆರಕೆಗಳನ್ನು ಗೂಢ ಸಂಕೇತಗಳಲ್ಲಿ ಬರೆದಿಡುತ್ತಿದ್ದ ಮನುಷ್ಯ, ಅಳತೆಯ ವಿಧಾನವನ್ನು ಮಾತ್ರ ಎಲ್ಲರ ಮುಂದೆ ಬಿಚ್ಚಿಟ್ಟರು. ಪಾತ್ರೆಯ ಗುಟ್ಟು ಒಬ್ಬನದಾಗಿರಬಹುದು. ಅಳತೆ ಎಲ್ಲರದಾಗದಿದ್ದರೆ ಅದು ಅಳತೆಯೇ ಅಲ್ಲ.

ಅಂಕಿ ತಪ್ಪಿದ್ದು ಎಲ್ಲಿ?

ಇನ್ನು ಕಥೆಯ ಮುಖ್ಯ ಭಾಗ. ವೆಜ್‌ವುಡ್ ಡಿಗ್ರಿಯನ್ನು ಸಾಮಾನ್ಯ ಥರ್ಮಾಮೀಟರಿನ ಫ್ಯಾರನ್‌ಹೀಟ್ ಡಿಗ್ರಿಗೆ ಜೋಡಿಸಬೇಕಾಗಿತ್ತು. ಪಾದರಸ ಎಲ್ಲಿ ಸೋಲುತ್ತದೋ ಅದಕ್ಕಿಂತ ಬಹಳ ಮೇಲೆ ಮಣ್ಣಿನ ಬಿಲ್ಲೆಯ ಲೆಕ್ಕ ಆರಂಭವಾಗುತ್ತದೆ. ನಡುವೆ ಒಂದು ಹೊಳೆ, ದಾಟಲು ಸೇತುವೆ ಬೇಕು. ಅವರು ಬೆಳ್ಳಿಯ ತುಂಡೊಂದನ್ನು ಸೇತುವೆ ಮಾಡಿಕೊಂಡರು. ಕಡಿಮೆ ಬಿಸಿಯಲ್ಲಿ ಬೆಳ್ಳಿ ಎಷ್ಟು ಹಿಗ್ಗುತ್ತದೆ ಎಂದು ಅಳೆದು, ಹೆಚ್ಚಿನ ಬಿಸಿಯಲ್ಲೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂದು ಭಾವಿಸಿ ಲೆಕ್ಕ ಕಟ್ಟಿದರು. ಮಣ್ಣೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂದು ಎಣಿಸಿದರು. ಆ ಲೆಕ್ಕದಂತೆ ವೆಜ್‌ವುಡ್ ಅಳತೆಯ ಸೊನ್ನೆ ಎಂದರೆ ಸುಮಾರು 1,077 ಡಿಗ್ರಿ ಫ್ಯಾರನ್‌ಹೀಟ್, ಅವರ ಒಂದು ಡಿಗ್ರಿ ಎಂದರೆ 130 ಡಿಗ್ರಿ ಫ್ಯಾರನ್‌ಹೀಟ್ ಎಂದಾಯಿತು.

ಈ ಎಣಿಕೆಯೇ ಕೈಕೊಟ್ಟಿತು. ಬೆಳ್ಳಿ 4,717 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕರಗುತ್ತದೆ ಎಂದು ಅವರ ಕೋಷ್ಟಕ ಹೇಳಿತು. ಬೆಳ್ಳಿ ನಿಜವಾಗಿ ಕರಗುವುದು ಸುಮಾರು 1,763ರಲ್ಲಿ. ಎರಕದ ಕಬ್ಬಿಣಕ್ಕೆ ಅವರು ಕೊಟ್ಟ ಅಂಕಿ 17,977 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 10,000 ಡಿಗ್ರಿ ಸೆಲ್ಸಿಯಸ್. ಸೂರ್ಯನ ಮೇಲ್ಮೈಯೇ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರುವಾಗ, ಸ್ಟಾಫರ್ಡ್‌ಶೈರಿನ ಕುಲುಮೆ ಸೂರ್ಯನಿಗಿಂತ ಬಿಸಿ ಎಂದಂತಾಯಿತು! ಮುಂದೆ ಪ್ಲಾಟಿನಂ ಬಳಸಿ ಅಳೆದ ಫ್ರಾನ್ಸಿನ ಗಿಟೋನ್ ಡ ಮೊರ್ವೊ, ಇಂಗ್ಲೆಂಡಿನ ಡೇನಿಯಲ್ ಮೊದಲಾದವರು ಈ ಅಂಕಿಗಳು ಅತಿಯಾದವು ಎಂದು ತೋರಿಸಿದರು.

ಇನ್ನೊಂದು ತೊಡಕು ಮಣ್ಣಿನದೇ. ಬಿಲ್ಲೆಗಳಿಗೆ ಅವರು ಬಳಸಿದ್ದು ಕಾರ್ನ್‌ವಾಲ್ ಪ್ರಾಂತದ ಮಣ್ಣು. ಆಮೇಲೆ ತರಿಸಿದ ಮಣ್ಣು ಮೊದಲಿನಂತೆಯೇ ಕುಗ್ಗಲಿಲ್ಲ. ಬೆರಕೆ ಮಾಡಿ ಅದನ್ನು ಸರಿದೂಗಿಸಬೇಕಾಯಿತು. ಸಾಲದ್ದಕ್ಕೆ, ಮಣ್ಣು ಕುಗ್ಗುವುದು ಬಿಸಿಯಿಂದ ಮಾತ್ರವಲ್ಲ, ಎಷ್ಟು ಹೊತ್ತು ಬಿಸಿಯಲ್ಲಿತ್ತು ಎಂಬುದರಿಂದಲೂ.

ಹಾಗಾದರೆ ವೆಜ್‌ವುಡ್ ಸೋತರೇ? ಇಲ್ಲ. ಎರಡು ಮಾತನ್ನು ನಾವು ಬೇರೆ ಬೇರೆಯಾಗಿ ನೋಡಬೇಕು. ಈ ಉರಿ ಎಷ್ಟು ಡಿಗ್ರಿ ಎಂಬ ಪ್ರಶ್ನೆಗೆ ಅವರ ಉತ್ತರ ತಪ್ಪಾಗಿತ್ತು. ನಿನ್ನೆಯ ಉರಿಯೂ ಇಂದಿನ ಉರಿಯೂ ಒಂದೇ ಮಟ್ಟದವೇ ಎಂಬ ಪ್ರಶ್ನೆಗೆ ಅವರ ಬಿಲ್ಲೆ ಉಪಯೋಗಕ್ಕೆ ಬರುವ ಉತ್ತರ ಕೊಡುತ್ತಿತ್ತು. ಒಂದು ಊರಿನ ಆವೆಯನ್ನು ಮತ್ತೊಂದು ಊರಿನ ಆವೆಯೊಂದಿಗೆ ಹೋಲಿಸಲು ಬರುತ್ತಿತ್ತು. ಕಾರ್ಖಾನೆಗೆ ಅತ್ಯಗತ್ಯವಾದದ್ದು ಅದೇ. ಅದಕ್ಕಿಂತಲೂ ಮುಖ್ಯವಾಗಿ, ಅವರು ತಮ್ಮ ಬಿಲ್ಲೆ, ಪಟ್ಟಿ, ಬೆಳ್ಳಿಯ ಲೆಕ್ಕ ಎಲ್ಲವನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದ್ದರು. ಆದ್ದರಿಂದಲೇ ನಂತರ ಬಂದವರಿಗೆ ಯಾವ ಹೆಜ್ಜೆ ತಪ್ಪಿತು ಎಂದು ಹುಡುಕಲು ಸಾಧ್ಯವಾಯಿತು. ಹೊಳೆಯುವ ಕೆಂಪು ಎಂದಷ್ಟೇ ಹೇಳಿ ಸುಮ್ಮನಿದ್ದವರನ್ನು ಯಾರೂ ತಿದ್ದಲಾರರು.

ಸಂಕೋಲೆಯ ಬಿಲ್ಲೆ

ವೆಜ್‌ವುಡ್ ಮಾಡಿದ ಇನ್ನೊಂದು ಬಿಲ್ಲೆಯನ್ನು ಹೇಳದಿದ್ದರೆ ಈ ಜೀವನಚರಿತ್ರೆ ಅಪೂರ್ಣ. ಆ ಕಾಲದ ಬ್ರಿಟನ್ನಿನಲ್ಲಿ ಚಹಾ ಕುಡಿಯುವ ರೂಢಿ ಬೆಳೆದು ಕುಂಬಾರರ ವ್ಯಾಪಾರವೂ ಬೆಳೆದಿತ್ತು. ಆ ಚಹಾದ ಸಕ್ಕರೆಯ ಹಿಂದೆ ವೆಸ್ಟ್ ಇಂಡೀಸ್‌ನ ತೋಟಗಳಲ್ಲಿ ದುಡಿಯುವ ಆಫ್ರಿಕಾದ ಗುಲಾಮರ ಬೆವರಿತ್ತು. 1787ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಲಂಡನ್ನಿನಲ್ಲಿ ಸಮಿತಿಯೊಂದು ರಚನೆಯಾದಾಗ ವೆಜ್‌ವುಡ್ ಅದರೊಂದಿಗೆ ನಿಂತರು. ಸಂಕೋಲೆ ತೊಟ್ಟು ಮೊಣಕಾಲೂರಿದ ಆಫ್ರಿಕಾದ ಮನುಷ್ಯನೊಬ್ಬನು ತಾನೂ ಮನುಷ್ಯನಲ್ಲವೇ, ಸಹೋದರನಲ್ಲವೇ ಎಂದು ಕೇಳುವ ಚಿತ್ರವನ್ನು ಚಿಕ್ಕ ಬಿಲ್ಲೆಯ ಮೇಲೆ ಮೂಡಿಸಿ ಹಂಚಿಸಿದರು. ಜನರು ಅದನ್ನು ಬಳೆಗಳಲ್ಲಿ, ತಲೆಯ ಪಿನ್ನುಗಳಲ್ಲಿ, ನಶ್ಯದ ಡಬ್ಬಿಗಳ ಮೇಲೆ ಕೂರಿಸಿಕೊಂಡು ಧರಿಸಿದರು. 1788ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರಿಗೂ ಕೆಲವನ್ನು ಕಳುಹಿಸಿದರು.

1795ರ ಜನವರಿ 3ರಂದು ವೆಜ್‌ವುಡ್ ತೀರಿಕೊಂಡರು. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. ಅವರ ಮಗಳು ಸುಸಾನಾಳ ಮಗನೇ ಮುಂದೆ ಪ್ರಖ್ಯಾತನಾದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್.

ಬಿಲ್ಲೆಯಿಂದ ಇಂದಿನ ಸೆನ್ಸರ್‌ವರೆಗೆ

ವೆಜ್‌ವುಡ್ ನಂತರ ಕೆಲಸ ನಿಲ್ಲಲಿಲ್ಲ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಎರಡು ಬೇರೆ ಲೋಹಗಳ ಬೆಸುಗೆಗಳ ನಡುವೆ ಬಿಸಿಯ ವ್ಯತ್ಯಾಸವಿದ್ದರೆ ಉಂಟಾಗುವ ಪರಿಣಾಮವನ್ನು ಕಂಡರು. ಅದರಿಂದ ಹುಟ್ಟಿದ್ದೇ ಥರ್ಮೋಕಪಲ್. 1886ರಲ್ಲಿ ಫ್ರಾನ್ಸಿನ ಲೆ ಶಾಟೆಲಿಯೆ ಪ್ಲಾಟಿನಂ ಮತ್ತು ಪ್ಲಾಟಿನಂ-ರೋಡಿಯಂ ತಂತಿಗಳಿಂದ ಅದನ್ನು ಕುಲುಮೆಗೆ ಯೋಗ್ಯವಾಗಿಸಿದರು. ವಿಲಿಯಂ ಸೀಮೆನ್ಸ್ 1871ರಲ್ಲಿ ಪ್ಲಾಟಿನಂ ತಂತಿಯ ವಿದ್ಯುತ್ ನಿರೋಧದಿಂದ ಬಿಸಿಯನ್ನು ಅಳೆದರು. ಆದರೆ ಹೆಚ್ಚಿನ ಉರಿಯಲ್ಲಿ ಸುತ್ತಲಿನ ವಸ್ತುಗಳು ತಂತಿಯನ್ನು ಕೆಡಿಸಿ ಓದುವಿಕೆ ಬದಲಾಗುತ್ತಿತ್ತು. 1887ರಲ್ಲಿ ಕ್ಯಾಲೆಂಡರ್ ಎಂಬವರು ತಂತಿಯನ್ನು ಶುದ್ಧವಾಗಿ ಕಾಪಾಡಿದರೆ ಅದು ನಂಬಿಕೆಗೆ ಯೋಗ್ಯ ಎಂದು ತೋರಿಸಿಕೊಟ್ಟರು.

ಇಂದು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಯಾಗಲಿ, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಯಾಗಲಿ, ಇಂಥ ಮಾಪಕಗಳಿಲ್ಲದೆ ನಡೆಯಲಾರದು. ಅಲ್ಲಿ ಧೂಳು, ಹೊಗೆ, ಗಂಧಕದ ಅನಿಲ, ನಿಲ್ಲದ ನಡುಕ, ಎಲ್ಲವೂ ಮಾಪಕದ ಶತ್ರುಗಳೇ. ತಂತಿ ಒಮ್ಮೆಲೇ ತುಂಡಾದರೆ ಗೊತ್ತಾಗುತ್ತದೆ. ನಿಧಾನವಾಗಿ ಕೆಟ್ಟು ಸುಳ್ಳು ಹೇಳತೊಡಗಿದರೆ ಗೊತ್ತಾಗುವುದಿಲ್ಲ. ಅದೇ ಹೆಚ್ಚು ಅಪಾಯ. ಕುಲುಮೆ ಹೆಚ್ಚು ಕಾದಿದ್ದರೂ ಮಾಪಕ ಕಡಿಮೆ ತೋರಿಸಿದರೆ ಅದರ ಬಳಿ ನಿಂತ ಕಾರ್ಮಿಕನ ಜೀವಕ್ಕೇ ಸಂಚಕಾರ. ಅದಕ್ಕಾಗಿ ಅತ್ಯಂತ ಬಿಸಿಯ ಕುಲುಮೆಗಳಲ್ಲಿ ಆ ತಂತಿಗಳಿಗೆ ಅಲ್ಯೂಮಿನಾದಂಥ ಪಿಂಗಾಣಿಯ ಕೊಳವೆ ತೊಡಿಸುತ್ತಾರೆ, ಮತ್ತು ಆಗಾಗ ಗೊತ್ತಿರುವ ಬಿಸಿಗೆ ಹೋಲಿಸಿ ಪರೀಕ್ಷಿಸುತ್ತಾರೆ. ಕರಗಿದ ಉಕ್ಕಿನಲ್ಲಿ ಯಾವುದೂ ಹೆಚ್ಚು ಹೊತ್ತು ಬಾಳುವುದು ಕಷ್ಟ. ಅಲ್ಲಿ ರಟ್ಟಿನ ಕೊಳವೆಯ ತುದಿಯಲ್ಲಿ ಕೂರಿಸಿದ ಮಾಪಕವನ್ನು ಕೆಲವೇ ಕ್ಷಣ ಅದ್ದಿ, ಓದಿ, ತುದಿಯನ್ನು ಎಸೆದುಬಿಡುತ್ತಾರೆ.

ಪಿಂಗಾಣಿ ಕಾರ್ಖಾನೆಗಳಲ್ಲಿ ಇನ್ನೊಂದು ಸಂಗತಿ ಇದೆ. ವಿದ್ಯುತ್ ಮಾಪಕಗಳ ಜೊತೆಯಲ್ಲಿಯೇ ಅಲ್ಲಿ ಪಾತ್ರೆಗಳ ನಡುವೆ ಮಣ್ಣಿನ ಉಂಗುರಗಳನ್ನು ಇಡುವುದುಂಟು. ಬೆಂದು ಬಂದ ಮೇಲೆ ಅವು ಎಷ್ಟು ಕುಗ್ಗಿವೆ ಎಂದು ಅಳೆದು, ಆವೆ ಸರಿಯಾಗಿ ಬೆಂದಿತೇ ಎಂದು ತೀರ್ಮಾನಿಸುತ್ತಾರೆ. ಬಿಸಿ ಮತ್ತು ಸಮಯ ಎರಡೂ ಸೇರಿ ಮಣ್ಣನ್ನು ಕುಗ್ಗಿಸುತ್ತವೆ ಎಂಬುದು ವೆಜ್‌ವುಡ್ ಕಾಲದಲ್ಲಿ ದೋಷವಾಗಿತ್ತು. ಪಾತ್ರೆ ಬೇಯುವುದೂ ಬಿಸಿ ಮತ್ತು ಸಮಯ ಸೇರಿಯೇ ಆದ್ದರಿಂದ ಈಗ ಅದೇ ಗುಣವಾಗಿದೆ. ಅಂಕಿ ತಪ್ಪಿದರೂ ಆಲೋಚನೆ ಉಳಿಯಿತು.

ವಿದ್ಯಾರ್ಥಿಗಳೇ,

ಮನೆಯ ಕಷ್ಟದಿಂದ ಓದು ನಿಂತಿತು ಎಂದು ಕೊರಗುವ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ವೆಜ್‌ವುಡ್ ಶಾಲೆ ಬಿಟ್ಟೂ ದೊಡ್ಡವರಾದರು, ಆದ್ದರಿಂದ ಶಾಲೆ ಬೇಡ ಎಂದು ಯಾರೂ ಈ ಕಥೆಯಿಂದ ತಿಳಿಯಬಾರದು. ಅವರು ಬಿಟ್ಟದ್ದು ಶಾಲೆಯ ಕಟ್ಟಡವನ್ನು, ಕಲಿಕೆಯನ್ನಲ್ಲ. ರಸಾಯನ ಬಲ್ಲವರ ಸ್ನೇಹ ಮಾಡಿದರು, ಓದಿದರು, ಕೇಳಿದರು, ಎಲ್ಲಕ್ಕಿಂತ ಹೆಚ್ಚಾಗಿ ಬರೆದಿಟ್ಟರು. ನೀವು ಪ್ರಯೋಗಾಲಯಕ್ಕೆ ಹೋದಾಗ ಪಕ್ಕದವರ ಉತ್ತರ ನೋಡಿ ನಿಮ್ಮ ಅಂಕಿಯನ್ನು ತಿದ್ದಿಕೊಳ್ಳುವ ಆಸೆ ಬರುತ್ತದೆ. ಆಗ ಕಾರ್ಖಾನೆಯಲ್ಲಿ ನಿಧಾನವಾಗಿ ಸುಳ್ಳು ಹೇಳುವ ಮಾಪಕವನ್ನು ನೆನೆಯಿರಿ. ಕಂಡದ್ದನ್ನು ಕಂಡಂತೆ ಬರೆಯಿರಿ, ಹೇಗೆ ಅಳೆದಿರಿ ಎಂಬುದನ್ನೂ ಬರೆಯಿರಿ. ಪ್ರಾಮಾಣಿಕವಾಗಿ ಬರೆದ ತಪ್ಪು ಅಂಕಿಯನ್ನು ಯಾರಾದರೂ ತಿದ್ದಬಹುದು, ಅದರಿಂದ ಮುಂದಿನ ಹೆಜ್ಜೆಯೂ ಹುಟ್ಟಬಹುದು. ನಕಲು ಮಾಡಿದ ಸರಿ ಉತ್ತರದಿಂದ ಅದು ಆಗದು.